ನಾನು ಎಳೆದ ಕಪ್ಪು ಹಿಡಿಕೆ

ಕೆನಡಾದಲ್ಲಿ ಏನೇನು ನೋಡಿದೆ ಎಂದು ಕೇಳುವವರಿಗೆ ನಾನು ಮೊದಲು ಹಿಮದ ಗುಡ್ಡಗಳನ್ನು ಹೇಳುತ್ತೇನೆ, ಆಮೇಲೆ ಹಸಿರು ನೀರಿನ ಕೆರೆಯನ್ನು. ಸಂಡಾಸದ ಟಾಕಿಯ ವಿಷಯವನ್ನು ಅವರೇ ಎತ್ತುತ್ತಾರೆ. "ನಿನ್ನ ತಮ್ಮನ ಹೆಂಡ್ತಿ ಏನೋ ತುರುಕಿ ಟಾಕಿ ಕಟ್ಟಿಸಿದ್ಲಂತಲ್ಲ" ಎಂದು ಇನ್ನೂ ನಗುತ್ತಾರೆ. ಅದರ ಒಂದು ವಿಡಿಯೊ ನಮ್ಮ ಬಳಗದ ಎಲ್ಲರ ಫೋನಿನಲ್ಲೂ ಇದೆ. ಹಳೇ ಹುಬ್ಬಳ್ಳಿಯ ನನ್ನ ಹೊಲಿಗೆ ಅಂಗಡಿಗೆ ಬ್ಲೌಸಿನ ಅಳತೆ ಕೊಡಲು ಬಂದವರೂ ಅದನ್ನು ನೋಡಿದ್ದಾರೆ.

ಟಾಕಿ ಕಟ್ಟಿಕೊಳ್ಳುವಂತೆ ಮಾಡಿದವಳು ತಮ್ಮನ ಹೆಂಡತಿ ಸುನಂದಾ ಅಲ್ಲ, ನಾನು. ಅದನ್ನು ಹೇಳುವುದಕ್ಕೇ ಈ ಪ್ರವಾಸವನ್ನು ಬರೆಯಲು ಕುಳಿತಿದ್ದೇನೆ. ನಾನು ಕಲಿತದ್ದು ಆರನೇ ಇಯತ್ತೆಯವರೆಗೆ. ದೊಡ್ಡ ಮಾತುಗಳು ಬರುವುದಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಕ್ಯಾಲ್ಗರಿ

ನನ್ನ ತಮ್ಮ ಬಸು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಕೂಡಿಸುತ್ತ ಕೆಲಸ ಕಲಿತವನು. ಮೊದಲು ದುಬೈಗೆ ಹೋದ, ಅಲ್ಲಿಂದ ಕೆನಡಾಕ್ಕೆ. ಈಗ ಕ್ಯಾಲ್ಗರಿ ಊರಿನ ಹೊರಗೆ ದೊಡ್ಡ ದೊಡ್ಡ ಲಾರಿಗಳನ್ನು ರಿಪೇರಿ ಮಾಡುತ್ತಾನೆ. ನಮ್ಮ ಅವ್ವ ತೀರಿಕೊಂಡಾಗ ಅವನು ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಬೆಳೆಸಿದವಳು ನಾನೇ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಅವನ ಮನೆಯಲ್ಲಿ ನಾನು ಏನು ಮಾಡಿದರೂ ನಡೆಯುತ್ತದೆ ಎನ್ನುವ ಧೈರ್ಯ ನನಗೆ ಎಲ್ಲಿಂದ ಬಂತು ಎಂಬುದು ತಿಳಿಯಲಿ ಎಂದು ಹೇಳಿದೆ.

ಅವನ ಹೆಂಡತಿ ಸುನಂದಾ ನಮ್ಮೂರ ಹತ್ತಿರದ ಹೆಬ್ಬಳ್ಳಿಯ ಮಗಳು. ಕ್ಯಾಲ್ಗರಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಮಾಡುತ್ತಾಳೆ. ಕಡಿಮೆ ಮಾತು, ಕೈ ಚುರುಕು. ಆ ಕೆಲಸದಿಂದ ಅವಳಿಗೆ ಒಂದು ರೂಢಿ ಬಿದ್ದಿತ್ತು. ಒದ್ದೆ ಕಾಗದದಂತಹ ವೈಪುಗಳ ಪೊಟ್ಟಣ ಅವಳ ಕೈಗೆ ಸದಾ ಸಿಗುವಂತಿರಬೇಕು. ಒಲೆಯ ಪಕ್ಕದಲ್ಲೊಂದು, ಕಾರಿನಲ್ಲೊಂದು, ದಿಂಬಿನ ಹತ್ತಿರ ಇನ್ನೊಂದು. ಏನು ಚೆಲ್ಲಿದರೂ ಒಂದು ವೈಪು ಎಳೆದು ಒರೆಸಿ ಬುಟ್ಟಿಗೆ ಹಾಕುತ್ತಿದ್ದಳು. ನನಗೆ ಅದು ಸರಿ ಬರುತ್ತಿರಲಿಲ್ಲ. ಒಂದು ಹಳೆಯ ಸೀರೆಯ ತುಂಡಿದ್ದರೆ ವರ್ಷವಿಡೀ ಒರೆಸಬಹುದಲ್ಲ ಎಂದು ಒಮ್ಮೆ ಅಂದೆ. ಅವಳು ನಕ್ಕು ಸುಮ್ಮನಾದಳು.

ಬಸು ಹಳೆಯದೊಂದು ಟ್ರೇಲರ್ ಕೊಂಡಿದ್ದ. ಗಾಲಿಗಳ ಮೇಲಿನ ಉದ್ದನೆಯ ಮನೆ ಅದು. ಗಾಡಿಯ ಹಿಂದೆ ಕಟ್ಟಿಕೊಂಡು ಎಲ್ಲಿ ಬೇಕಾದರೂ ಎಳೆದೊಯ್ಯಬಹುದು. ಒಳಗೆ ಎರಡು ಹಾಸಿಗೆ, ಒಲೆ, ಕಪಾಟು, ಒಬ್ಬರು ಕುಳಿತು ಏಳುವಷ್ಟು ಸಂಡಾಸ. ಅದರ ಚಾವಣಿ ಸೋರುತ್ತಿದ್ದುದನ್ನು, ಬಾಗಿಲು ಜೋತಿದ್ದುದನ್ನು ಅವನೇ ಸರಿಮಾಡಿಕೊಂಡಿದ್ದ. ಸಂಜೆ ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕುತ್ತಿದ್ದ.

ಗುಡ್ಡದ ನಡುವಿನ ಕೆರೆಗೆ ಹೋಗಬೇಕು ಎನ್ನುವುದು ಸುನಂದಾಳ ಆಸೆ. ಅವಳ ರಜೆ, ಅವನ ರಜೆ ಎಂದೂ ಕೂಡಿ ಬಂದಿರಲಿಲ್ಲ. ನಾನು ಅವರಲ್ಲಿಗೆ ಹೋದಾಗಿನ ಬೇಸಿಗೆಯಲ್ಲಿ ಕೂಡಿ ಬಂತು. "ಅಕ್ಕಾರಿಗೆ ತೋರಿಸಿದ ನೆವದಾಗ ನಾನೂ ನೋಡ್ತೀನಿ" ಎಂದಳು.

ಬಯಲಿನಲ್ಲಿ

ಮೊದಲು ಎರಡು ದಿನ ಬಯಲಿನಲ್ಲಿ ಇದ್ದೆವು. ಎತ್ತ ನೋಡಿದರೂ ಗೋದಿ. ನಮ್ಮ ನವಲಗುಂದದ ಕಡೆಯ ಎರೆಭೂಮಿಯ ಹಾಗೆಯೇ ಕಣ್ಣು ಎಲ್ಲಿಯೂ ತಡೆಯುವುದಿಲ್ಲ. ಆದರೆ ಹೊಲದಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಬುತ್ತಿ ಹೊತ್ತ ಹೆಂಗಸಿಲ್ಲ, ಬದುವಿನಲ್ಲಿ ಕುಳಿತವರಿಲ್ಲ. ಇಷ್ಟು ಬೆಳೆಯನ್ನು ಯಾರು ಬೆಳೆದರು ಎಂದು ಕೇಳಬೇಕೆನಿಸುತ್ತದೆ.

ಟ್ರೇಲರುಗಳಿಗೆಂದೇ ಅಲ್ಲಿ ಮೈದಾನಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಜಾಗ. ಆ ಜಾಗದಲ್ಲೇ ಕರೆಂಟು, ನಳ, ನೆಲದಲ್ಲಿ ಚರಂಡಿಯ ಬಾಯಿ. ಜನ ಬಂದವರೇ ಮಡಚುವ ಕುರ್ಚಿ ಹೊರಗೆ ಹಾಕಿ ಕಾಫಿ ಹಿಡಿದು ಕೂಡುತ್ತಾರೆ. ಹಾದು ಹೋಗುವ ಪ್ರತಿಯೊಬ್ಬರಿಗೂ ಕೈ ಎತ್ತುತ್ತಾರೆ. ಹೆಸರು ಕೇಳುವುದಿಲ್ಲ, ಮನೆತನ ಕೇಳುವುದಿಲ್ಲ, ಮಕ್ಕಳೆಷ್ಟು ಎಂದೂ ಕೇಳುವುದಿಲ್ಲ. ಟ್ರೇಲರಿನ ವಿಷಯ ಮಾತ್ರ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ. ಅದರಲ್ಲೂ ಸಂಡಾಸದ ಟಾಕಿಯ ವಿಷಯ. ನಾವು ಊಟದ ಹೊತ್ತಿಗೆ ಬಾಯಿಗೆ ತರದ ಮಾತನ್ನು ಅವರು ಬ್ರೆಡ್ಡು ಕಡಿಯುತ್ತ ಆಡುತ್ತಾರೆ.

ಬಸು ನನ್ನನ್ನು ಕರೆದು ಎಲ್ಲ ತೋರಿಸಿದ. ಟ್ರೇಲರಿನ ಹೊಟ್ಟೆಯ ಕೆಳಗೆ ಎರಡು ಟಾಕಿಗಳಿವೆ. ಪಾತ್ರೆ ತೊಳೆದ, ಸ್ನಾನದ ನೀರಿಗೆ ಒಂದು. ಸಂಡಾಸಕ್ಕೆ ಇನ್ನೊಂದು. ಮೊದಲನೆಯದಕ್ಕೆ ಬೂದು ಬಣ್ಣದ ಹಿಡಿಕೆ, ಎರಡನೆಯದಕ್ಕೆ ಕಪ್ಪು. ಹಿಡಿಕೆ ಎಳೆದರೆ ಟಾಕಿಯ ಬಾಯಿ ತೆರೆದು ಎಲ್ಲವೂ ಕೊಳವೆಯಿಂದ ಚರಂಡಿಗೆ ಹೋಗುತ್ತದೆ.

"ಕರೇ ಹಿಡಿಕಿ ಮುಟ್ಟಬ್ಯಾಡಕ್ಕ. ಟಾಕಿ ತುಂಬಿದ ಮ್ಯಾಲ ನಾನ ತಗೀತೀನಿ," ಎಂದ. "ಮತ್ತ ಸಂಡಾಸಕ್ಕ ಹೋದಾಗ ಕಾಲಿಲೆ ಈ ಪೆಡಲ್ ಒತ್ತಿ ನೀರು ಛಲೋತ್ನಂಗ ಬಿಡು. ಕಂಜೂಸತನ ಮಾಡಬ್ಯಾಡ."

"ಹೂಂನೋ, ನನಗ ಸಂಡಾಸಕ್ಕ ಹೋಗೂದು ಕಲಸಾಕ ಬಂದಾನ ಇಂವಾ," ಎಂದೆ. ಸುನಂದಾ ಒಳಗೆ ನಕ್ಕಿದ್ದು ಕೇಳಿಸಿತು.

ಆದರೆ ನಾನು ನೀರು ಬಿಡಲಿಲ್ಲ. ಬಿಡಲು ಕಾಲು ಬರಲಿಲ್ಲ ಎಂದರೆ ಸರಿ. ವಾರಕ್ಕೊಮ್ಮೆ ನಳದ ನೀರು ಬರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಬರುವ ದಿನ ನಾವು ಮದುವೆಗೂ ಹೋಗುವುದಿಲ್ಲ. ಬ್ಯಾರಲ್, ಕೊಡ, ಬಕೆಟ್, ಕೊನೆಗೆ ಚಹಾದ ಪಾತ್ರೆ ಕೂಡ ತುಂಬಿಡುತ್ತೇವೆ. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ಸಂಡಾಸಕ್ಕೆ. ಹೀಗೆ ಬದುಕಿದವಳು ನಾನು. ಕುಡಿಯುವ ನೀರನ್ನು ಆ ತೂತಿನೊಳಗೆ ಬಳಬಳ ಬಿಡು ಎಂದರೆ ಪಾಪ ಮಾಡಿದ ಹಾಗಾಗುತ್ತಿತ್ತು. ಒಂದು ತಂಬಿಗೆ ಒಯ್ಯುತ್ತಿದ್ದೆ. ಅದರಲ್ಲೇ ಎಲ್ಲ ಮುಗಿಸುತ್ತಿದ್ದೆ. ಪೆಡಲ್ ಒತ್ತಿದ ಕೂಡಲೇ ಕಾಲು ತೆಗೆಯುತ್ತಿದ್ದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಮೊದಲ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹೊರಗೆ ಬಂದೆ. ನಾನು ಮಲಗುವ ಹಾಸಿಗೆಯ ಸರಿಯಾಗಿ ಕೆಳಗೇ ಆ ಟಾಕಿ. ಹೊಲಸನ್ನು ಹಾಸಿಗೆಯ ಬುಡದಲ್ಲಿ ತುಂಬಿಟ್ಟುಕೊಂಡು ಯಾರಾದರೂ ಮಲಗುತ್ತಾರೆಯೇ? ಚರಂಡಿ ಎರಡು ಹೆಜ್ಜೆಯ ಮೇಲೇ ಇದೆ, ಕೊಳವೆ ಜೋಡಿಸಿಯೇ ಇದೆ. ಹುಡುಗನಿಗೆ ಮೊದಲಿನಿಂದಲೂ ನಾಳೆ ಮಾಡೋಣ ಎನ್ನುವ ಚಟ ಎಂದುಕೊಂಡೆ. ಬಗ್ಗಿ ಕಪ್ಪು ಹಿಡಿಕೆ ಎಳೆದೆ. ಕೊಳವೆ ಗುಳುಗುಳು ಎಂದಿತು. ನಮ್ಮ ಓಣಿಯ ಗಟಾರ ಸರಾಗವಾಗಿ ಹರಿದಾಗ ಆಗುವಂಥದೇ ಸಮಾಧಾನ ಆಯಿತು. ಹಾಗೆಯೇ ತೆರೆದಿಟ್ಟೆ.

ಅಲ್ಲಿದ್ದಷ್ಟು ದಿನವೂ ಅದು ತೆರೆದೇ ಇತ್ತು. ಹೊರಡುವ ದಿನ ಬಸು ಕೈಗವಸು ಹಾಕಿಕೊಳ್ಳುವುದನ್ನು ನೋಡಿ, ಬೈದಾನು ಎಂದು, ಅವನು ಆ ಬದಿಗೆ ಬರುವ ಮೊದಲೇ ಹೋಗಿ ಹಿಡಿಕೆಯನ್ನು ಒಳಗೆ ತಳ್ಳಿದೆ. ಅವನು ಬಂದು ಎಳೆದ. ಸ್ವಲ್ಪ ನೀರು ಬಂದು ನಿಂತಿತು.

"ಏನೂ ಇಲ್ಲಲ್ಲ. ಮೂರು ಮಂದಿ ಉಪವಾಸ ಇದ್ದೇವೇನು?" ಎಂದು ನಗುತ್ತ ಮುಚ್ಚಿ ಗಾಡಿ ಹೊರಡಿಸಿದ.

ಗುಡ್ಡದ ಕೆಳಗೆ

ಗುಡ್ಡಗಳು ದೂರದಿಂದ ಮೋಡದ ಹಾಗೆ ಕಂಡವು. ಹತ್ತಿರ ಹೋದಂತೆ ಅವುಗಳ ಮೈಮೇಲಿನ ಬಿರುಕುಗಳೂ ಕಾಣತೊಡಗಿದವು. ಬೇಸಿಗೆಯಲ್ಲೂ ತುದಿಯಲ್ಲಿ ಹಿಮ. ಸುನಂದಾ ಕಿಟಕಿಯ ಗಾಜು ಇಳಿಸಿ ಮುಖವನ್ನು ಗಾಳಿಗೆ ಒಡ್ಡಿ ಕುಳಿತಿದ್ದಳು. ಅವಳು ಅಷ್ಟು ಸಂತೋಷದಿಂದ ಇದ್ದುದನ್ನು ನಾನು ನೋಡಿರಲಿಲ್ಲ. ಕೆರೆ ಅಲ್ಲಿಂದ ಇನ್ನೊಂದು ದಿನದ ದಾರಿ.

ಈ ಮೈದಾನದಲ್ಲಿ ಪ್ರತಿ ಜಾಗಕ್ಕೆ ನಳವಿತ್ತು, ಚರಂಡಿ ಇರಲಿಲ್ಲ. ಮೈದಾನದ ಬಾಗಿಲಿನ ಹತ್ತಿರ ಎಲ್ಲರಿಗೂ ಸೇರಿ ಟಾಕಿ ಖಾಲಿ ಮಾಡುವ ಕಟ್ಟೆ ಒಂದೇ. ಬಂದ ಮರುದಿನವೇ ಸಂಡಾಸದಿಂದ ವಾಸನೆ ಶುರುವಾಯಿತು. ಪೆಡಲ್ ಒತ್ತಿದರೆ ಕೆಳಗಿನಿಂದ ತೇಗಿದಂತೆ ಸದ್ದು. ಆಮೇಲೆ ಏನೂ ಇಳಿಯದಾಯಿತು. ಗೋಡೆಯ ಮೇಲಿನ ದೀಪ ಟಾಕಿ ತುಂಬಿದೆ ಎಂದು ಕೆಂಪಗೆ ತೋರಿಸುತ್ತಿತ್ತು.

ಬಸು ಟ್ರೇಲರನ್ನು ಕಟ್ಟೆಗೆ ಎಳೆದೊಯ್ದ. ಕೊಳವೆ ಜೋಡಿಸಿ ಕಪ್ಪು ಹಿಡಿಕೆ ಎಳೆದ. ಒಂದು ಹನಿ ಬರಲಿಲ್ಲ. ಮತ್ತೆ ತಳ್ಳಿದ, ಮತ್ತೆ ಎಳೆದ. ಹಿಂದೆ ಟ್ರೇಲರುಗಳ ಸಾಲು ಬೆಳೆಯಿತು. ಯಾರೂ ಹಾರ್ನ್ ಹಾಕಲಿಲ್ಲ. ಇಳಿದು ಬಂದು ಬಗ್ಗಿ ನೋಡಿ ತಲೆಯಾಡಿಸಿದರು. ನಮ್ಮ ಕೊಪ್ಪೀಕರ ರಸ್ತೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಏಳು ತಲೆಮಾರಿನವರನ್ನು ನೆನೆಸಿರುತ್ತಿದ್ದರು. ಆ ದಿನ ನನಗೆ ಹಾರ್ನೇ ವಾಸಿ ಅನಿಸಿತು.

ಬಸು ನಮ್ಮ ಜಾಗಕ್ಕೆ ಮರಳಿ ಬಂದು ಗಾಡಿ ನಿಲ್ಲಿಸಿದ. ಇಳಿದವನು ಸೀದಾ ಸುನಂದಾಳ ಮುಂದೆ ನಿಂತ.

"ವೈಪ್ ಒಗದೀದಿ ಅದರಾಗ."

"ಇಲ್ರಿ."

"ಮತ್ತ ಯಾಕ ಕಟ್ಟಿತು? ಎಲ್ಲಿ ನೋಡಿದ್ರೂ ಅವ ಪೊಟ್ಟಣ. ಅವು ನೀರಾಗ ಕರಗಂಗಿಲ್ಲ ಅಂತ ಎಷ್ಟ ಸಲ ಹೇಳೀನಿ."

"ಅದಕ್ಕ ಬುಟ್ಟಿಗೆ ಹಾಕ್ತೀನಿ. ನೋಡ್ರಿ ಬೇಕಾದ್ರ, ಬುಟ್ಟ್ಯಾಗ ಅದಾವ."

"ಒಂದೆರಡು ಒಳಗ ಹೋಗಿರ್ತಾವ. ನಿನಗ ಖಬರ ಇರಂಗಿಲ್ಲ."

ನಾನು ಮೆಟ್ಟಿಲ ಮೇಲೆ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಕೊಳವೆಯ ಗುಳುಗುಳು ಸದ್ದು ನನ್ನ ಕಿವಿಯಲ್ಲೇ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಖಚಿತವಾಗಿ ತಿಳಿದಿರಲಿಲ್ಲ. ಹಾಗೆಂದು ಸುಮ್ಮನೆ ಕುಳಿತೆ. ಸುನಂದಾ ನನ್ನ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಹೇಳ್ರಿ. ನಾ ಬುಟ್ಟಿಗೆ ಹಾಕೂದು ನೋಡೀರಿಲ್ಲೋ?" ಎಂದಳು.

ನೋಡಿದ್ದೆ. ಪ್ರತಿ ಸಲವೂ ನೋಡಿದ್ದೆ. "ನನ್ನ ಲಕ್ಷ್ಯ ಇರಲಿಲ್ಲವ್ವಾ," ಎಂದೆ.

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಒಳಗೆ ಹೋದಳು. ಬಸು ಸಿಟ್ಟನ್ನು ತಮಾಷೆ ಮಾಡಿಕೊಳ್ಳುವ ಸ್ವಭಾವದವನು. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಫೋನು ಎದುರಿಗೆ ಹಿಡಿದು, "ನೋಡ್ರಪಾ, ಹೆಬ್ಬಳ್ಳಿ ಮಗಳ ಪ್ರತಾಪ" ಎಂದು ವಿಡಿಯೊ ಮಾಡಿ ಬಳಗದ ಗ್ರೂಪಿಗೆ ಹಾಕಿದ. ನಾನು ಬೆಳ್ಳುಳ್ಳಿಯನ್ನು ಬಿಡಿಸುತ್ತಲೇ ಇದ್ದೆ.

ಲಿಂಡಾ

ಪಕ್ಕದ ಜಾಗದಲ್ಲಿ ಲಿಂಡಾ ಎಂಬ ಹೆಂಗಸು ಗಂಡನ ಜೊತೆ ಇಳಿದಿದ್ದಳು. ನನ್ನಷ್ಟೇ ವಯಸ್ಸು ಇರಬಹುದು. ಗಾಡಿ ಓಡಿಸುವವಳು ಅವಳು, ಕುರ್ಚಿಯಲ್ಲಿ ಕುಳಿತು ಉಣ್ಣೆಯ ಟೊಪ್ಪಿಗೆ ಹೆಣೆಯುವವನು ಅವನು. ನಮ್ಮ ಗಲಾಟೆ ಕೇಳಿ ಒಂದು ಉದ್ದನೆಯ ಬಾಗುವ ಕೊಳವೆ ಹೆಗಲಿಗೆ ಹಾಕಿಕೊಂಡು ಬಂದಳು, ಕರೆಯದೆಯೇ. ಬಸುವಿನ ಜೊತೆ ಮಾತಾಡಿದಳು. ಅವನು ನನಗೆ ಕನ್ನಡದಲ್ಲಿ ಹೇಳಿದ.

"ಟಾಕಿ ತುಂಬಿಲ್ಲಂತಕ್ಕ. ಸಂಡಾಸದ ಬಾಯಿ ಕೆಳಗ ಗುಡ್ಡಿ ಕಟ್ಟಿರಬೇಕು ಅಂತಾಳ. ಹಿಡಿಕಿ ಎಳದ ಇಟ್ಟಿದ್ರೇನು ಅಂತ ಕೇಳಾಕತ್ತಾಳ. ಹಂಗಿಟ್ರ ನೀರಷ್ಟ ಹರದು ಹೋಗಿ ಗಟ್ಟಿ ಇದ್ದದ್ದು ಅಲ್ಲೇ ಉಳೀತೈತಂತ."

"ನೀ ಏನಂದಿ?"

"ಹಂಗ ಯಾಂವ ಹುಚ್ಚ ಇಡ್ತಾನ ಅಂದೆ."

ಸಂಬಂಧ ಇದೆಯೋ ಇಲ್ಲವೋ ಎನ್ನುವ ನೆವ ಅಲ್ಲಿಗೆ ಮುಗಿಯಿತು. ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಸು ಬೈಯುತ್ತಾನೆ ಎನ್ನುವ ಹೆದರಿಕೆ ಅಲ್ಲ. ಸುನಂದಾಳ ಮುಂದೆ ಸಣ್ಣವಳಾಗಬೇಕಲ್ಲ ಎನ್ನುವುದು. ಅವಳ ಮನೆಗೆ ಬಂದ ದಿನದಿಂದ ಅದು ಹಾಗಲ್ಲ, ಇದು ಹೀಗಲ್ಲ ಎಂದು ತಿದ್ದುತ್ತಿದ್ದವಳು ನಾನು.

ಲಿಂಡಾ ಹೇಳಿದಂತೆ ಕೆಲಸ ಶುರುವಾಯಿತು. ಸುನಂದಾ ಒಲೆಯ ಮೇಲೆ ನೀರು ಬಿಸಿ ಮಾಡಿದಳು, ಕುದಿಯದಂತೆ, ಕೈಗೆ ತಾಳುವಷ್ಟು. ಕುದಿಯುವ ನೀರಿಗೆ ಪ್ಲಾಸ್ಟಿಕ್ ಟಾಕಿ ಸೊಟ್ಟಗಾಗುತ್ತದಂತೆ. ಬಸು ಆ ಬಾಗುವ ಕೊಳವೆಯನ್ನು ಸಂಡಾಸದೊಳಗೆ ಇಳಿಸಿ, ನಳಕ್ಕೆ ಜೋಡಿಸಿ, ಗುಡ್ಡೆಯ ಮೈಮೇಲೆ ನೀರು ಚಿಮ್ಮಿಸುತ್ತ ನಿಧಾನವಾಗಿ ತಿರುವಿದ. ದಾರಿ ಬಿಟ್ಟ ಮೇಲೆ ಪಾತ್ರೆ ತೊಳೆಯುವ ಸೋಪು ಸುರಿದು, ಮೇಲೆ ಬಿಸಿನೀರು. ನೀರು ಹೊತ್ತು ಹಾಕುವುದು ನನ್ನ ಪಾಲಿಗೆ ಬಂತು. ಬಕೆಟ್ಟಿನ ಮೇಲೆ ಬಕೆಟ್ಟು. ನಮ್ಮ ಮನೆಗೆ ಎರಡು ದಿನ ಸಾಲುವಷ್ಟು ನೀರನ್ನು ನಾನೇ ನನ್ನ ಕೈಯಾರೆ ಆ ತೂತಿಗೆ ಸುರಿದೆ.

ಬಸು ಮೊಣಕೈವರೆಗೆ ಕೈಗವಸು ಹಾಕಿ ಮೊಣಕಾಲೂರಿ ಕುಳಿತಿದ್ದ. ಲಿಂಡಾ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದಳು. ಯಾರೂ ದೂರ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಗುಂಡಿ ತುಂಬಿದರೆ ಫೋನು ಮಾಡುತ್ತೇವೆ, ಗಾಡಿ ಬರುತ್ತದೆ, ಗಾಡಿಯ ಜೊತೆ ಬಂದವರು ಮಾಡುತ್ತಾರೆ. ನಾವು ಬಾಗಿಲು ಹಾಕಿ ಒಳಗೆ ಊದುಬತ್ತಿ ಹಚ್ಚುತ್ತೇವೆ. ಅವರಿಗೆ ನೀರು ಕೊಡುವಾಗಲೂ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಸರಿಯುತ್ತೇವೆ. ನಾನೂ ಇಟ್ಟು ಸರಿದವಳೇ. ಇಲ್ಲಿ ನಮ್ಮದನ್ನು ನಾವೇ ತೆಗೆಯುತ್ತಿದ್ದೆವು, ಅಷ್ಟೇ. ಕೈ ತೊಳೆದ ಮೇಲೆ ಕೈ ಮೊದಲಿನಂತೆಯೇ ಇತ್ತು.

ಟಾಕಿಯನ್ನು ರಾತ್ರಿಯೆಲ್ಲ ನೆನೆಯಲು ಬಿಟ್ಟೆವು. ಬೆಳಿಗ್ಗೆ ಬಸು ಟ್ರೇಲರನ್ನು ಮೈದಾನದ ಸುತ್ತ ನಿಧಾನಕ್ಕೆ ಎಳೆದಾಡಿದ, ಒಳಗಿನ ನೀರು ತುಳುಕಿ ಉಳಿದದ್ದೂ ಕದಡಲಿ ಎಂದು. ಆಮೇಲೆ ಕಟ್ಟೆಗೆ ಹೋದೆವು. ಲಿಂಡಾ ತನ್ನದೊಂದು ಗಾಜಿನಂತಹ ಪ್ಲಾಸ್ಟಿಕ್ ತುಂಡನ್ನು ಕೊಳವೆಯ ನಡುವೆ ಜೋಡಿಸಿಕೊಟ್ಟಳು. ಹೋಗುವುದೆಲ್ಲ ಅದರಲ್ಲಿ ಕಾಣುತ್ತದೆ, ಟಾಕಿ ಸ್ವಚ್ಛವಾಯಿತೇ ಎಂದು ತಿಳಿಯುತ್ತದೆ.

ಬಸು ಹಿಡಿಕೆ ಎಳೆದ. ಮೊದಲು ಏನೂ ಬರಲಿಲ್ಲ. ಆಮೇಲೆ ಕೊಳವೆ ಒಮ್ಮೆ ಅದುರಿ, ಎಲ್ಲವೂ ಒಟ್ಟಿಗೆ ಹೊರಟಿತು. ಲಿಂಡಾ ಬಸುವಿನ ಬೆನ್ನು ತಟ್ಟಿದಳು. ಸಾಲಿನಲ್ಲಿದ್ದ ಒಬ್ಬ ಮುದುಕ ಚಪ್ಪಾಳೆ ಹೊಡೆದ.

ಸುನಂದಾ ಮಾತ್ರ ಆ ಪಾರದರ್ಶಕ ತುಂಡಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಕಣ್ಣು ತೆಗೆಯಲಿಲ್ಲ. ಕಂದು ನೀರು ಹೋಗಿ, ತಿಳಿನೀರು ಬರುವವರೆಗೂ ಹಾಗೆಯೇ ನೋಡಿದಳು. ಆಮೇಲೆ ಎದ್ದು ಕೇಳಿದಳು:

"ಒಂದರ ಬಂತೇನ್ರಿ?"

"ಏನು?"

"ವೈಪು."

"ಕರಗಿ ಹೋಗಿರ್ತಾವ ಬಿಡು."

"ಅವು ಕರಗಂಗಿಲ್ಲ ಅಂತ ನಿನ್ನೆ ನೀವ ಹೇಳಿದ್ರಿ."

ಮಾತಿನಲ್ಲಿ ಸೋತಾಗ ಬಸು ಇನ್ನಷ್ಟು ಬಿಗುವಾಗುತ್ತಾನೆ. "ಸಾಕು ಮಾಡು. ಕೆರಿನೂ ಬ್ಯಾಡ ಏನೂ ಬ್ಯಾಡ, ಮನಿಗೆ ಹೋಗೂಣು," ಎಂದ. ಸುನಂದಾ ವಾದಿಸಲಿಲ್ಲ. ಒಳಗೆ ಹೋಗಿ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ಚಿಲಕ ಹಾಕತೊಡಗಿದಳು. ಟ್ರೇಲರ್ ಓಡುವಾಗ ಪಾತ್ರೆ ಬೀಳಬಾರದೆಂದು ಹಾಗೆ ಹಾಕಬೇಕು. ಆ ಚಿಲಕಗಳ ಸದ್ದು ಕೇಳುತ್ತ ನಾನು ನಳದ ಹತ್ತಿರ ನಿಂತಿದ್ದೆ. ಎಲ್ಲ ಚಿಲಕ ಬಿದ್ದ ಮೇಲೆ ಹೇಳಿ ಉಪಯೋಗವಿಲ್ಲ ಅನಿಸಿತು.

"ಬಸು, ಅದನ್ನ ಕಟ್ಟಿಸಿದಾಕಿ ನಾನು," ಎಂದೆ. ತಂಬಿಗೆಯ ಲೆಕ್ಕ, ಹಿಡಿಕೆ, ಗುಳುಗುಳು, ಹೊರಡುವ ಮೊದಲು ಕದ್ದು ಮುಚ್ಚಿದ್ದು, ಎಲ್ಲ ಹೇಳಿದೆ.

ಅವನು ನನ್ನನ್ನೇ ನೋಡಿದ. ಆಮೇಲೆ ನಗತೊಡಗಿದ. ಟ್ರೇಲರಿಗೆ ಕೈ ಊರಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಅಕ್ಕಾ, ನೀ ಹುಬ್ಬಳ್ಳಿನ್ನ ಜೋಡೀಲೇನ ಕರಕೊಂಡು ಬಂದೀದಿ ನೋಡು," ಎಂದ. ಲಿಂಡಾಳಿಗೂ ಇಂಗ್ಲಿಷಿನಲ್ಲಿ ಹೇಳಿದ. ಅವಳೂ ನಕ್ಕಳು. ನನಗೆ ಹಗುರಾಯಿತು. ಮುಗಿಯಿತು ಎಂದುಕೊಂಡೆ.

ಸುನಂದಾ ಬಾಗಿಲಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. "ನಾ ಮಾಡೀನಿ ಅಂದಾಗ ಸಿಟ್ಟು ಬಂತು. ಅಕ್ಕಾರು ಮಾಡ್ಯಾರ ಅಂದಾಗ ನಗಿ ಬಂತು," ಎಂದಳು. ಧ್ವನಿ ಏರಿಸಿರಲಿಲ್ಲ.

ಬಸುವಿನ ನಗು ನಿಂತಿತು. "ತಪ್ಪಾತು ಮಾರಾಯ್ತಿ," ಎಂದ. ಗಾಡಿಯನ್ನು ಕೆರೆಯ ಕಡೆ ತಿರುಗಿಸಿದ.

ಕೆರೆ

ಕೆರೆಯ ನೀರಿನ ಬಣ್ಣವನ್ನು ಹೇಳುವುದು ಕಷ್ಟ. ನನ್ನ ಅಂಗಡಿಯಲ್ಲಿ ಅಷ್ಟು ಬಣ್ಣದ ದಾರದ ಉಂಡೆಗಳಿವೆ, ಅದಕ್ಕೆ ಹೊಂದುವ ದಾರ ಒಂದೂ ಇಲ್ಲ. ಹಸಿರು ಎಂದರೂ ಸುಳ್ಳು, ನೀಲಿ ಎಂದರೂ ಸುಳ್ಳು. ಮೂರು ಕಡೆ ಗುಡ್ಡ, ನಡುವೆ ಈ ನೀರು. ನಮ್ಮೂರ ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಇರುವಷ್ಟೇ ಜನ ಇದ್ದರು. ಆದರೆ ಮಿರ್ಚಿ ಮಂಡಕ್ಕಿ ಇಲ್ಲ, ಕೂಗಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಯಾರೋ ಒಳಗೆ ಮಲಗಿದ್ದಾರೆ ಎನ್ನುವ ಹಾಗೆ.

ಬಸು ಫೋಟೊ ತೆಗೆಯಲು ಮುಂದೆ ಹೋದ. ಸುನಂದಾ ಒಂದು ಬಂಡೆಯ ಮೇಲೆ ಕುಳಿತು ನೀರಿನಲ್ಲಿ ಬೆರಳಾಡಿಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಸಿಟ್ಟು ಹೋತೇನವಾ?"

"ಸಿಟ್ಟಿಲ್ರಿ ಅಕ್ಕಾ. ನೀವು ನೀರು ಉಳಿಸಿದ್ರಿ, ಹಿಡಿಕಿ ಎಳದ್ರಿ, ಅದು ಗೊತ್ತಿಲ್ದ ಆದದ್ದು. ನಾ ಬುಟ್ಟಿಗೆ ಹಾಕೂದು ನೋಡೀರೇನು ಅಂತ ಕೇಳಿದ್ನಲ್ಲ, ಅದು ನಿಮಗ ಗೊತ್ತಿತ್ತು."

ಅವಳು ನೀರಿನ ತಳದಿಂದ ಒಂದು ಹರಳು ಎತ್ತಿ ಮತ್ತೆ ಬಿಟ್ಟಳು.

"ಆ ವಿಡಿಯೊ ನಮ್ಮ ಅವ್ವನ ತನಕ ಹೋಗೇತಿ," ಎಂದಳು. "ಯಾರೋ ಮನಿಗೆ ಹೋಗಿ ತೋರಿಸ್ಯಾರ. ನಿನ್ನೆ ಫೋನ್ ಮಾಡಿ ಬೈದ್ಲು. ತವರಮನಿ ಮರ್ಯಾದಿ ಕಳದಿ, ಅತ್ತಿಮನಿ ಮಂದಿ ಮುಂದ ಹೊಲಸ ಹೆಣ್ಮಗಳು ಅನಿಸಿಕೊಂಡಿ ಅಂದ್ಲು. ನಾ ಮಾಡಿಲ್ಲವಾ ಅಂದ್ರ ನಂಬಲಿಲ್ಲ. ನಿಮ್ಮ ತಮ್ಮ ತಪ್ಪಾತು ಅಂತ ನನಗಂದ್ರು. ಗ್ರೂಪಿನ್ಯಾಗ ಅಂದಿಲ್ಲ."

"ನಾ ಹೇಳ್ತೀನಿ ಬಿಡು. ಊರಿಗೆ ಹೋದ ಕೂಡ್ಲೆ ನಿಮ್ಮ ಅವ್ವಗ ನಾನ ಹೋಗಿ ಹೇಳ್ತೀನಿ."

"ಹೇಳ್ರಿ," ಎಂದಳು. ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ಹಳೇ ಹುಬ್ಬಳ್ಳಿ

ಊರಿಗೆ ಬಂದ ಕೂಡಲೇ ಹೋಗಲಿಲ್ಲ. ಮೊದಲು ಆಯಾಸ ಎಂದುಕೊಂಡೆ. ಆಮೇಲೆ ಲಗ್ನದ ಸೀಜನ್ನು, ಬ್ಲೌಸುಗಳು ರಾಶಿ ಬಿದ್ದಿದ್ದವು. ಅಂಗಡಿಗೆ ಬಂದವರು ಪ್ರವಾಸದ ಕಥೆ ಕೇಳುತ್ತಿದ್ದರು, ಕೇಳಿ ಟಾಕಿಗೆ ಬರುತ್ತಿದ್ದರು. ಹಿಂದಿನ ಓಣಿಯ ಜೈನಬಿ ಒಂದು ದಿನ ಸಲ್ವಾರಿನ ಬಟ್ಟೆ ಕೊಡುತ್ತ, "ನೀಲಕ್ಕಾ, ಅಷ್ಟು ಕಲ್ತಾಕಿ, ಸಂಡಾಸದಾಗ ಏನ್ ಒಗೀಬೇಕು ಏನ್ ಒಗೀಬಾರದು ಗೊತ್ತಾಗಂಗಿಲ್ಲೇನು ಆಕಿಗೆ?" ಎಂದಳು. ನಾನು ಟೇಪು ಹಿಡಿದು ಅವಳ ಭುಜದ ಅಳತೆ ತೆಗೆಯುತ್ತಿದ್ದೆ. ನಕ್ಕುಬಿಟ್ಟೆ.

ಹಾಗೆ ನಕ್ಕದ್ದು ಒಂದು ಸಲವಲ್ಲ. ಕೆನಡಾದಲ್ಲಿ ಹಿಡಿಕೆ ಎಳೆದದ್ದಕ್ಕಿಂತ, ಮೆಟ್ಟಿಲ ಮೇಲೆ ಸುಮ್ಮನೆ ಕುಳಿತದ್ದಕ್ಕಿಂತ, ಇಲ್ಲಿ ನನ್ನ ಅಂಗಡಿಯಲ್ಲಿ ನಾನು ನಕ್ಕದ್ದೇ ದೊಡ್ಡ ತಪ್ಪು ಎಂದು ನನಗೆ ಅನಿಸುತ್ತದೆ. ಅಲ್ಲಿ ಹೆದರಿದ್ದೆ ಎನ್ನಬಹುದು. ಇಲ್ಲಿ ಹೆದರಿಕೆಗೆ ಏನೂ ಇರಲಿಲ್ಲ. ಸುನಂದಾ ಎಂದೂ ಫೋನಿನಲ್ಲಿ ನೆನಪಿಸಲಿಲ್ಲ. ಹೆಬ್ಬಳ್ಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಊಟ ಆಯಿತೇ, ಮೊಣಕಾಲು ಹೇಗಿದೆ ಎಂದಷ್ಟೇ ಕೇಳಿ ಬಸುವಿನ ಕೈಗೆ ಫೋನು ಕೊಡುತ್ತಿದ್ದಳು.

ಜೈನಬಿ ಸಲ್ವಾರು ಒಯ್ಯಲು ಬಂದಾಗ ಅವಳಿಗೆ ಮೊದಲು ಹೇಳಿದೆ. "ಅದು ನಾನ ಮಾಡಿದ್ದು ಜೈನಬಿ." ಅವಳು ಬಟ್ಟೆ ಮಡಚುತ್ತಿದ್ದವಳು ನಿಂತಳು. "ಮತ್ತ ಆವತ್ತ ನಕ್ಕೀ ಯಾಕ?" ಎಂದಳು. ಆ ಮಧ್ಯಾಹ್ನವೇ ಅಂಗಡಿಗೆ ಬೀಗ ಹಾಕಿ ಹೆಬ್ಬಳ್ಳಿಯ ಬಸ್ಸು ಹತ್ತಿದೆ.

ಹೆಬ್ಬಳ್ಳಿ

ಸುನಂದಾಳ ತಾಯಿ ಪಾರವ್ವ ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದರು. ಬೀಗರ ಮನೆಯವಳು ಹೇಳದೆ ಕೇಳದೆ ಬಂದದ್ದಕ್ಕೆ ಗಾಬರಿಯಾದರು. "ಎಲ್ಲಾ ಆರಾಮ ಅದಾರಿಲ್ರಿ ನೀಲಕ್ಕಾರ?" ಎಂದು ಎದ್ದು ನಿಂತರು.

"ಆರಾಮ ಅದಾರ್ರಿ ಅವ್ವಾರ. ಒಂದು ಮಾತು ಹೇಳಾಕ ಬಂದೀನಿ."

ಟ್ರೇಲರ್ ಎಂದರೇನು ಎಂಬಲ್ಲಿಂದ ಹೇಳಬೇಕಾಯಿತು. ಕಡಲೆಯ ಮೊರವನ್ನೇ ಟಾಕಿ ಮಾಡಿ, ಬೆರಳಿನಿಂದ ಹಿಡಿಕೆ ತೋರಿಸಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ತಂಬಿಗೆಯ ವಿಷಯ ಬಂದಾಗ ಮಾತ್ರ, "ಮತ್ತೆಷ್ಟ ಸುರೂವಬೇಕಂತ? ಒಂದು ತಂಬಿಗಿ ಬೇಕಾದಷ್ಟಾತು," ಎಂದರು. ಬೆಳ್ಳುಳ್ಳಿ ಬಿಡಿಸುತ್ತ ನಾನು ಆಡಿದ ಮಾತನ್ನೂ ಮುಚ್ಚಿಡದೆ ಹೇಳಿದೆ. ಆಗ ಅವರ ಕೈ ಕಡಲೆಯಲ್ಲಿ ನಿಂತುಬಿಟ್ಟಿತು.

ನನಗೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಆಕಿ ಹೇಳಿದ್ಲು, ನಾ ಮಾಡಿಲ್ಲವಾ ಅಂತ," ಎಂದರು. "ನಾ ಫೋನ್ ಇಟ್ಟಬಿಟ್ಟೆ. ಹಡದಾಕಿ ನಾನ ನಂಬಲಿಲ್ಲ. ನಿಮಗೇನ ಅನ್ನಲಿ?"

ಆಮೇಲೆ, "ಅಲ್ಲೀಗ ಎಷ್ಟ ಹೊತ್ತು?" ಎಂದು ಕೇಳಿದರು.

"ಇನ್ನೂ ಬೆಳಗಾಗಿಲ್ರಿ. ಮಲಗಿರ್ತಾಳ."

"ಹಂಗಾರ ಕುಂದರ್ರಿ. ಏಳ್ಲಿ."

ಇಬ್ಬರೂ ಕುಳಿತೆವು. ಅವರು ಚಹಾ ಮಾಡಿದರು. ನಾನು ಮೊರ ತೆಗೆದುಕೊಂಡು ಕಡಲೆಯ ಕಲ್ಲು ಆರಿಸಿದೆ. ಹೊಲದಿಂದ ಬಂಡಿಗಳು ಮರಳಿದವು. ನಾನು ಊರಿಗೆ ಮರಳಬೇಕಿದ್ದ ಬಸ್ಸು ಹೋದ ಸದ್ದು ಕೇಳಿಸಿತು. ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಫೋನು ಮಾಡಿದೆ. ಸುನಂದಾ ನಿದ್ದೆಯ ಧ್ವನಿಯಲ್ಲೇ, "ಅಕ್ಕಾ? ಇಷ್ಟ ಲಗೂ?" ಎಂದಳು.

"ಹೆಬ್ಬಳ್ಳ್ಯಾಗ ಅದೀನಿ ಸುನಂದಾ. ಎಲ್ಲಾ ಹೇಳೀನಿ. ಜೈನಬಿಗೂ ಹೇಳೀನಿ. ಗ್ರೂಪಿನ್ಯಾಗೂ ಇವತ್ತ ಹೇಳ್ತೀನಿ."

"ಅವ್ವಗ ಕೊಡ್ರಿ," ಎಂದಳು.

ಪಾರವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿನ ಕೋಣೆಗೆ ಹೋದರು. ನಾನು ಹೊರಗಿನ ಕಟ್ಟೆಗೆ ಬಂದು ಕುಳಿತೆ. ಮೊದಲು ಪಾರವ್ವನ ಮೂಗು ಒರೆಸಿಕೊಳ್ಳುವ ಸದ್ದು, ಆಮೇಲೆ ಸಣ್ಣ ಸಣ್ಣ ಮಾತು. ಏನು ಎಂದು ಕಿವಿಗೊಡಲಿಲ್ಲ. ಮಾತು ಉದ್ದವಾಗುತ್ತ ಹೋಯಿತು. ಸಾಕಷ್ಟು ಹೊತ್ತಾದ ಮೇಲೆ ಇದ್ದಕ್ಕಿದ್ದಂತೆ ತಾಯಿ ಜೋರಾಗಿ ನಕ್ಕರು. ಫೋನಿನೊಳಗಿಂದ ಮಗಳೂ ನಗುತ್ತಿದ್ದುದು ಹೊರಗೆ ಕೇಳಿಸಿತು. ಆ ನಗುವಿನ ನಡುವೆ ತಂಬಿಗೆ ಎನ್ನುವ ಮಾತು ಬಂತು, ಹಿಡಿಕೆ ಬಂತು, ಅವುಗಳ ಹಿಂದೆಯೇ ನನ್ನ ಹೆಸರು ಬಂತು. ಕಟ್ಟೆಯ ಮೇಲೆ ಕುಳಿತು ಕೇಳಿದೆ.